ಅಗಸ್ತ್ಯ ನಕ್ಷತ್ರ ಮತ್ತು ಮುಳುಗಿದ ದಾರಿ

ನನ್ನ ಮಹಾಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು. ಬಾಯಿಮಾತಿನ ನೆನಪು ನಾಲ್ಕಾರು ತಲೆಮಾರು ದಾಟುವಷ್ಟರಲ್ಲಿ ಚರಿತ್ರೆಯ ಗುರುತು ಕಳೆದುಕೊಂಡು ಬರೀ ಕಥೆಯಾಗುತ್ತದೆ ಎಂದು. ಬರೆಯುವಾಗ ಅನುಮಾನವೇ ಬಂದಿರಲಿಲ್ಲ. 2023ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ ಓದಿದ ಮೇಲೆ ಅದನ್ನು ಹೊಡೆದುಹಾಕಿದ್ದೇನೆ. ಆ ಜಾಗ ಇನ್ನೂ ಖಾಲಿಯಿದೆ.

ಲೇಖನ ಟಾಸ್ಮೇನಿಯಾದ ಮೂಲನಿವಾಸಿಗಳ ಕಥೆಗಳ ಬಗ್ಗೆ. ಆಸ್ಟ್ರೇಲಿಯಾದ ಕೆಳಗೆ, ಬೇರೆಯಾಗಿ ಬಿದ್ದಂತೆ ಕಾಣುವ ದ್ವೀಪ ಅದು. ನಡುವೆ ಸುಮಾರು 240 ಕಿಲೋಮೀಟರ್ ಅಗಲದ ಬಾಸ್ ಜಲಸಂಧಿ. ಅಗಲ ಇಷ್ಟಿದ್ದರೂ ಆಳ ಸರಾಸರಿ 60 ಮೀಟರ್ ಮಾತ್ರ. ಹಿಮಯುಗದ ಉತ್ತುಂಗದಲ್ಲಿ, ಅಂದರೆ 20,000 ವರ್ಷಗಳ ಹಿಂದೆ, ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಇದು ಬಯಲು. ಅದಕ್ಕೂ ಎಷ್ಟೋ ಮೊದಲು, ಸುಮಾರು 40,000 ವರ್ಷಗಳ ಹಿಂದೆ, ಜನ ಈ ದಾರಿಯಲ್ಲಿ ನಡೆದುಕೊಂಡೇ ದಕ್ಷಿಣಕ್ಕೆ ಹೋಗಿದ್ದರು. ಆಮೇಲೆ ಹಿಮ ಕರಗತೊಡಗಿತು. ನೀರೇನೂ ಒಂದೇ ದಿನ ನುಗ್ಗಿ ಬರಲಿಲ್ಲ. ಅಜ್ಜಿ ಚಿಪ್ಪು ಆರಿಸಿದ ದಂಡೆ ಮೊಮ್ಮಗಳ ಕಾಲಕ್ಕೆ ನೀರೊಳಗೆ ಹೋಗಿರಬೇಕು. ಸುಮಾರು 12,000 ವರ್ಷಗಳ ಹಿಂದೆ ಉಳಿದಿದ್ದ ಕೊನೆಯ ಪಟ್ಟಿಯೂ ಮುಳುಗಿತು. ತೊಗಟೆ ಕಟ್ಟಿ ಮಾಡುತ್ತಿದ್ದ ಅವರ ದೋಣಿಗಳು ಕೆಲವು ಗಂಟೆಗಳಲ್ಲಿ ನೀರು ಹೀರಿ ಭಾರವಾಗುತ್ತಿದ್ದವು. ಅವುಗಳಲ್ಲಿ ಆ ಜಲಸಂಧಿ ದಾಟುವ ಮಾತೇ ಇಲ್ಲ.

1830ರ ದಶಕದಲ್ಲಿ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಎಂಬ ವಸಾಹತು ಅಧಿಕಾರಿ ಈ ಜನರ ಮಾತುಗಳನ್ನು ದಿನಚರಿಯಲ್ಲಿ ಬರೆದುಕೊಂಡ. ನಮ್ಮ ಹಿರಿಯರು ದೂರದ ನಾಡಿನಿಂದ ನೆಲದ ಮೇಲೆ ನಡೆದು ಬಂದರು, ಸಮುದ್ರ ಆಮೇಲೆ ಬಂತು ಎಂಬ ಮಾತು ಅದರಲ್ಲಿದೆ. ಇದನ್ನು ಹೇಳಿದಾಗ ನನ್ನ ಗೈಡ್ ಕೇಳಿದರು, "ದ್ವೀಪದಲ್ಲಿ ಇರೋರು ಯಾರಾದ್ರೂ ಹಾಗೆ ಊಹಿಸಬಹುದಲ್ಲಮ್ಮ?" ಸರಿಯಾದ ಪ್ರಶ್ನೆಯೇ. ಆದರೆ ರಾಬಿನ್ಸನ್ನನೇ ಅದನ್ನು ಅವರ ಬಾಯಿಗೆ ತುರುಕಿದ ಎನ್ನುವಂತಿಲ್ಲ. ಲೂಯಿ ಅಗಾಸಿ ಹಿಮಯುಗದ ವಾದವನ್ನು ವಿದ್ವಾಂಸರ ಮುಂದಿಟ್ಟದ್ದೇ 1837ರಲ್ಲಿ.

ನನ್ನನ್ನು ನಿಜವಾಗಿ ಕದಲಿಸಿದ್ದು ನಕ್ಷತ್ರ. ಅವರ ಕಥೆಗಳಲ್ಲಿ ಆಕಾಶದ ದಕ್ಷಿಣ ಧ್ರುವದ ಬಳಿ ಹೊಳೆಯುವ ದೊಡ್ಡ ನಕ್ಷತ್ರವೊಂದು ಬರುತ್ತದೆ. ಈಗ ಅಲ್ಲಿ ಅಂಥದ್ದೇನೂ ಇಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಂದು ಸುತ್ತು ಓಲಾಡುವುದರಿಂದ ಧ್ರುವಬಿಂದು ಸರಿಯುತ್ತಲೇ ಇರುತ್ತದೆ. ಲೆಕ್ಕ ಹಾಕಿದರೆ, ಸುಮಾರು 14,000 ವರ್ಷಗಳ ಹಿಂದೆ ಅದರ ಹತ್ತಿರವಿದ್ದದ್ದು ಕ್ಯಾನೋಪಸ್. ಕಥೆಯ ನಕ್ಷತ್ರ ಅದೇ ಎಂಬುದರ ಬಗ್ಗೆ ತಕರಾರು ತೆಗೆಯಬಹುದು, ನಾನೂ ತೆಗೆದು ನೋಡಿದೆ. ಆದರೆ ಸಮುದ್ರವನ್ನು ಊಹಿಸಿದಷ್ಟು ಸುಲಭವಾಗಿ ಹಳೆಯ ಆಕಾಶವನ್ನು ಊಹಿಸಲಾಗದು.

ಕ್ಯಾನೋಪಸ್ ಎಂದರೆ ನಮ್ಮ ಅಗಸ್ತ್ಯ. ಸಮುದ್ರವನ್ನೇ ಕುಡಿದವನು! ಇದು ಬರೀ ಕಾಕತಾಳೀಯ, ಗೊತ್ತು. ಪ್ರಬಂಧದಲ್ಲಂತೂ ಬರೆಯಲಾರೆ.

ರಾಬಿನ್ಸನ್‌ನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಕಥೆ ಬರೆದುಕೊಂಡ ಅದೇ ಮನುಷ್ಯ ಈ ಜನರನ್ನು ನಂಬಿಸಿ, ಅವರ ನೆಲದಿಂದ ಬಿಡಿಸಿ, ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದ. ಆ ದ್ವೀಪ ಮುಳುಗಿದ ಬಯಲಿನಿಂದ ಮೇಲೆ ಉಳಿದ ಬೆಟ್ಟಗಳ ತುದಿ. ಹಿರಿಯರು ನಡೆದುಬಂದ ದಾರಿಯ ಚೂರೊಂದರ ಮೇಲೇ ಅವರನ್ನು ಕೂಡಿಹಾಕಲಾಯಿತು. ವೈಬಲೆನ್ನ ಎಂಬ ಆ ಶಿಬಿರದಲ್ಲಿ ಬಹುಪಾಲು ಜನ ಕಾಯಿಲೆ ಬಿದ್ದು ಸತ್ತರು. 1847ರಲ್ಲಿ ಅದನ್ನು ಮುಚ್ಚಿದಾಗ ಟಾಸ್ಮೇನಿಯಾಕ್ಕೆ ಮರಳಿದವರು 47 ಮಂದಿ. ಟಾಸ್ಮೇನಿಯಾದ ಮೂಲನಿವಾಸಿಗಳು ನಿರ್ವಂಶವಾದರು ಎಂದು ಬಹುಕಾಲ ಪುಸ್ತಕಗಳು ಬರೆದವು. ಅದು ಸುಳ್ಳು. ಅವರ ಸಂತತಿ ಇಂದಿಗೂ ಅಲ್ಲಿದೆ, ಆ 2023ರ ಲೇಖನ ಬರೆದವರಲ್ಲೂ ಅವರಲ್ಲೊಬ್ಬರಿದ್ದಾರೆ.

ಹನ್ನೆರಡು ಸಾವಿರ ವರ್ಷ ಬಾಯಿಂದ ಬಾಯಿಗೆ ಬಂದ ಮಾತು ಕೊನೆಗೆ ನಮಗೆ ಸಿಕ್ಕಿದ್ದು ಅಂಥವನ ದಿನಚರಿಯಿಂದ. ಇದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುತ್ತಿಲ್ಲ. ಕ್ಷೇತ್ರಕಾರ್ಯಕ್ಕೆ ಹೋದಾಗ ಎರಡು ರಾತ್ರಿ ಹಾಡಿದ ಅಜ್ಜಿಯೊಬ್ಬರು, ನಾನು ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಕೇಳಿದ್ದರು, "ಎಲ್ಲಾ ತುಂಬ್ಕಂಡು ಹೊಂಟಿ. ಮತ್ತೆ ಬರ್ತೀಯೇನವ್ವ?" ಬರ್ತೀನಿ ಎಂದಿದ್ದೆ. ಎರಡು ವರ್ಷವಾಯಿತು. ಹಾಡು ಲ್ಯಾಪ್‌ಟಾಪಿನಲ್ಲಿದೆ.

ಚಳಿಗಾಲದ ರಾತ್ರಿ ಹಾಸ್ಟೆಲ್ಲಿನ ತಾರಸಿಗೆ ಹೋದರೆ, ದಕ್ಷಿಣಕ್ಕೆ, ನೀರಿನ ಟ್ಯಾಂಕಿನ ಆಚೆ ಅಗಸ್ತ್ಯ ಕಾಣುತ್ತದೆ. ನಮ್ಮಲ್ಲಿ ಅದು ಕೆಲವು ಗಂಟೆ ಕಂಡು ಮುಳುಗಿಬಿಡುತ್ತದೆ. ಟಾಸ್ಮೇನಿಯಾದಲ್ಲಿ ಮುಳುಗುವುದೇ ಇಲ್ಲವಂತೆ. ಶುಕ್ರವಾರ ಗೈಡ್‌ಗೆ ಎರಡನೆಯ ಅಧ್ಯಾಯ ಕೊಡಬೇಕು. ಶನಿವಾರ ಬೆಳಿಗ್ಗೆ ಆ ಊರಿಗೆ ಆರೂವರೆಗೆ ಒಂದು ಬಸ್ಸಿದೆ.