ಪರದೇಶ ಪ್ರಯಾಣವೂ ಕಣ್ಣಿನ ಚಿಕಿತ್ಸೆಯೂ

ದೂರದೇಶಕ್ಕೆ ಹೊರಡುವವರು ಬಂಧುಗಳ ಮನೆಗಳಿಗೆ ಹೋಗಿ, ಹಿರಿಯರ ಕಾಲಿಗೆರಗಿ, ಹೇಳಿ ಬರುವ ಪದ್ಧತಿ ನಮ್ಮ ಕಡೆಯಲ್ಲಿ ಇಂದಿಗೂ ಉಂಟು. ಬಂಟವಾಳದಲ್ಲಿರುವ ನಮ್ಮ ಅಕ್ಕನ ಮಗನಿಗೆ ದುಬಾಯಿಯಲ್ಲಿ ಕಟ್ಟಡದ ಕೆಲಸದ ಮೇಲ್ವಿಚಾರಣೆಯ ಉದ್ಯೋಗ ದೊರೆತು, ಹೊರಡಲು ಹನ್ನೆರಡು ದಿನಗಳು ಮಾತ್ರ ಉಳಿದಿದ್ದವು. ಅವನನ್ನು ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಿಗೆ ಕರೆದೊಯ್ಯುವ ಭಾರವು ನಮ್ಮ ಪಾಲಿಗೆ ಬಂದಿತು.

ಹೊರಡುವ ಬೆಳಿಗ್ಗೆ ಅಕ್ಕ ನಮ್ಮನ್ನು ಅಡಿಗೆಯ ಮನೆಗೆ ಕರೆದು, ದನಿ ತಗ್ಗಿಸಿ ಹೇಳಿದಳು: “ಇವನು ವಿಮಾನ ಹತ್ತುವುದರೊಳಗೆ ಕಣ್ಣಿಗೆ ಲೇಸರ್ ಮಾಡಿಸಿಕೊಳ್ಳುತ್ತಾನಂತೆ. ಫೋನಿನಲ್ಲಿಯೇ ದಿನ ಗೊತ್ತುಮಾಡಿದ್ದಾನೆ. ಇನ್ನು ಆರೇ ದಿನ. ನಾನು ಬೇಡವೆಂದರೆ ಹೆಂಗಸರ ಹೆದರಿಕೆ ಎನ್ನುತ್ತಾನೆ. ನೀನೊಮ್ಮೆ ವಿಚಾರಿಸು, ತಮ್ಮಾ.”

ಹುಡುಗನ ಮಾತಿನಲ್ಲಿಯೂ ನ್ಯಾಯವಿತ್ತು. ಶಾಲೆಯ ದಿನಗಳಿಂದ ಸುಲೋಚನ ಧರಿಸಿದವನು. ಈಚೆಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದನು. “ಅಲ್ಲಿ ಬಿಸಿಲು, ಬೆವರು, ಧೂಳು. ಕನ್ನಡಕ ಜಾರುತ್ತದೆ, ಲೆನ್ಸಿಗೆ ಧೂಳು ಸೇರುತ್ತದೆ. ಒಮ್ಮೆ ಮಾಡಿಸಿಬಿಟ್ಟರೆ ಜನ್ಮಕ್ಕೆ ನಿಶ್ಚಿಂತೆ, ಮಾವ,” ಎಂದನು. ನಾವು ಉತ್ತರ ಕೊಡಲಿಲ್ಲ. ಕಣ್ಣನ್ನೇ ಹೆಸರಿನಲ್ಲಿ ಧರಿಸಿದ ನೇತ್ರಾವತಿಯ ದಂಡೆಯ ಪೇಟೆಯನ್ನು ಬಿಟ್ಟು, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳ ಮಾರ್ಗವಾಗಿ, ಅಡಿಕೆ ತೋಟಗಳ ತಂಪಿನಲ್ಲಿ ಬೆಳ್ತಂಗಡಿಗೆ ಸೇರಿದೆವು.

ಅಲ್ಲಿ ನಮ್ಮ ಚಿಕ್ಕಮ್ಮ ಜಗಲಿಯಲ್ಲಿಯೇ ಕುಳಿತಿದ್ದರು. ಹಿಂದಿನ ವರ್ಷ ಅವರ ಎರಡು ಕಣ್ಣುಗಳ ಪೊರೆಯನ್ನೂ ತೆಗೆಸಲಾಗಿತ್ತು. ಟಿಪ್ಪುಸುಲ್ತಾನನು ೧೭೯೪ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲಿನ ಕಡೆಗೆ ಕೈ ತೋರಿಸಿ, “ಮೊದಲು ಅದು ಮೋಡವೋ ಗುಡ್ಡವೋ ತಿಳಿಯುತ್ತಿರಲಿಲ್ಲ. ಈಗ ಬಂಡೆಯ ಬಿರುಕೂ ಕಾಣುತ್ತದೆ. ನನಗೂ ಲೇಸರೇ ಆದದ್ದು ಮಗಾ, ಹೆದರಬೇಡ,” ಎಂದು ಮೊಮ್ಮಗನಿಗೆ ಧೈರ್ಯ ಹೇಳಿದರು.

ಚಿಕ್ಕಮ್ಮನಂತೆಯೇ ಅನೇಕರು ಕಣ್ಣಿನ ಎಲ್ಲ ಶಸ್ತ್ರಚಿಕಿತ್ಸೆಗಳಿಗೂ ಲೇಸರ್ ಎಂಬ ಒಂದೇ ಹೆಸರಿಡುತ್ತಾರೆ. ಪೊರೆಯೆಂದರೆ ಕಣ್ಣಿನೊಳಗಣ ಮಸೂರವು ಮಬ್ಬಾಗುವುದು. ಅದನ್ನು ಸಾಮಾನ್ಯವಾಗಿ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದತರಂಗಗಳಿಂದ ಪುಡಿಮಾಡಿ ಹೊರಗೆಳೆದು, ಕೃತಕ ಮಸೂರವನ್ನು ಇಡುತ್ತಾರೆ. ಅಂತಹ ಮಸೂರವನ್ನು ಮೊದಲು ಇಟ್ಟವರು ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು, ೧೯೪೯ರಲ್ಲಿ. ಸುಲೋಚನ ಬಿಡಿಸುವ ಲೇಸರಾದರೋ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು ಸವರಿ ಅದರ ಆಕಾರವನ್ನು ತಿದ್ದುವುದು. ಮೊದಲನೆಯದು ರೋಗಕ್ಕೆ ಚಿಕಿತ್ಸೆ. ಎರಡನೆಯದು ಅನುಕೂಲಕ್ಕಾಗಿ ಮಾಡಿಸಿಕೊಳ್ಳುವುದು. ಆದುದರಿಂದ ಎರಡನೆಯದಕ್ಕೆ ಅವಸರವೆಂಬುದೇ ಇರಲಾರದು.

ಚಿಕ್ಕಮ್ಮ ಹಳೆಯ ಕಾಲವನ್ನೂ ನೆನೆದರು. ಆಗ ವೈದ್ಯರೇ ರೋಗಿಗಳಿರುವಲ್ಲಿಗೆ ಬರುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು (೧೯೧೬–೨೦೦೫) ಊರೂರು ಸಂಚರಿಸಿ ಶಿಬಿರಗಳನ್ನು ನಡೆಸಿ, ೧೯೬೮ರಲ್ಲಿ ತಿರುಪತಿಯಲ್ಲಿ ಒಂದೇ ದಿನ ೮೩೩ ಮಂದಿಯ ಪೊರೆ ತೆಗೆದುದು ಪ್ರಸಿದ್ಧವಾಗಿದೆ. ಈಗ ರೋಗಿಯೇ ವೈದ್ಯರನ್ನು ಹುಡುಕಿಕೊಂಡು ನಗರಕ್ಕೂ ಪರದೇಶಕ್ಕೂ ಪ್ರಯಾಣ ಮಾಡುತ್ತಾನೆ.

ಅಷ್ಟರಲ್ಲಿ ನೆರೆಮನೆಯ ಹೆಂಗಸೊಬ್ಬಳು ಬೀಡಿಯ ಗೆರಸೆಯೊಡನೆ ಜಗಲಿಗೆ ಬಂದು ಕುಳಿತಳು. ನಲುವತ್ತು ದಾಟಿದ ಮೇಲೆ ಬೀಡಿಗೆ ಸುತ್ತುವ ನೂಲು ಕಾಣದೆ, ಅವಳ ದಿನದ ಲೆಕ್ಕ ಕಡಿಮೆಯಾಗುತ್ತ ಬಂದಿತ್ತಂತೆ. ಹತ್ತಿರದ ನೋಟಕ್ಕೆ ಒಂದು ಅಗ್ಗದ ಕನ್ನಡಕ ಕೊಂಡ ಮೇಲೆ ಮೊದಲಿನಂತೆಯೇ ಕಟ್ಟುತ್ತಾಳಂತೆ. ಅಸ್ಸಾಮಿನ ಚಹದ ತೋಟಗಳಲ್ಲಿ ನಲುವತ್ತು ಮೀರಿದ ಕೂಲಿಯವರಿಗೆ ಇಂತಹ ಕನ್ನಡಕಗಳನ್ನು ಕೊಟ್ಟು ಪರೀಕ್ಷಿಸಿದಾಗ, ಕನ್ನಡಕವಿಲ್ಲದವರಿಗಿಂತ ಅವರ ಕೆಲಸವು ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಾಗಿ ವೃದ್ಧಿಯಾಯಿತೆಂದು ೨೦೧೮ರಲ್ಲಿ ಪ್ರಕಟವಾಗಿದೆ. “ಲೇಸರ್ ಮಾಡಿಸಿದವನಿಗೆ ಇದು ಬೇಡವಷ್ಟೆ?” ಎಂದು ಹುಡುಗ ಕೇಳಿದನು. ಬೇಕು. ವಯಸ್ಸಿನಿಂದ ಒಳಗಣ ಮಸೂರವು ಬಿರುಸಾಗುವುದನ್ನು ಹೊರಗಣ ಪಟಲದ ಮೇಲಿನ ಕೆಲಸವು ತಡೆಯಲಾರದು. ಜನ್ಮದ ನಿಶ್ಚಿಂತೆಯ ಮಾತು ಅಲ್ಲಿಗೆ ಸ್ವಲ್ಪ ಸಡಿಲವಾಯಿತು.

ಊಟ ಮುಗಿಸಿ, ಗುರುವಾಯನಕೆರೆಗೆ ಮರಳಿ, ವೇಣೂರಿನ ಮಾರ್ಗ ಹಿಡಿದೆವು. ಫಲ್ಗುಣಿಯ ತೀರದ ಈ ಊರಿನಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ನಿಲ್ಲಿಸಿದ ೩೫ ಅಡಿಗಳ ಗೊಮ್ಮಟನಿದ್ದಾನೆ. ದಾರಿಯ ಧೂಳಿನಿಂದ ಹುಡುಗನ ಕಣ್ಣು ಕೆಂಪಾಗಿದ್ದುದರಿಂದ ಅವನು ಕೈ ತೊಳೆದು ಲೆನ್ಸುಗಳನ್ನು ತೆಗೆದನು. ಸುಲೋಚನ ಹಾಕುವ ಮೊದಲು ತಲೆಯೆತ್ತಿ ನೋಡಿ, “ಬೂದುಬಣ್ಣದ ಒಂದು ಕಂಬ, ಮಾವ. ಮುಖವೇ ಇಲ್ಲ,” ಎಂದನು. ಅವನ ಚೀಟಿಯಲ್ಲಿ ಮೈನಸ್ ನಾಲ್ಕು ಎಂದಿದೆ. ಅಂದರೆ ಕನ್ನಡಕವಿಲ್ಲದೆ ಸುಮಾರು ಒಂದು ಗೇಣಿನಾಚೆಗೆ ಅವನಿಗೆ ಎಲ್ಲವೂ ಮಸಕು. ದೂರದ ಬೆಳಕು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಒಂದುಗೂಡಿಬಿಡುವುದು ಇದಕ್ಕೆ ಕಾರಣ. ಕಾರ್ನಿಯಾವನ್ನು ನಡುವೆ ಚಪ್ಪಟೆ ಮಾಡಿದರೆ ಆ ಬಿಂದುವು ಹಿಂದೆ ಸರಿದು ಸರಿಯಾದ ಸ್ಥಳಕ್ಕೆ ಬರುತ್ತದೆ.

ಆ ಲೇಸರಿನ ಗುಣವನ್ನು ಕಂಡುಕೊಂಡವರಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರೆಂಬುದು ಸಂತೋಷದ ಮಾತು. ಅಮೆರಿಕೆಯಲ್ಲಿ ೧೯೮೧ರಲ್ಲಿ ಅವರು ಜೊತೆಯವರೊಡನೆ, ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರನ್ನು ಹಾಯಿಸಿ, ಸುತ್ತಲಿನ ಭಾಗವನ್ನು ಸುಡದೆ ಅದು ಕೊರೆಯುವುದನ್ನು ನೋಡಿದರು. ಮೊದಲು ಕಾರ್ನಿಯಾದ ತೆಳುವಾದ ಪದರವನ್ನು ಮುಚ್ಚಳದಂತೆ ಎತ್ತಿ, ಕೆಳಗೆ ಲೇಸರಿನಿಂದ ಸವರಿ, ಮತ್ತೆ ಹೊದಿಸುವ ‘ಲೇಸಿಕ್’ ಕ್ರಮವನ್ನು ಸುಮಾರು ೧೯೯೦ರಲ್ಲಿ ಕ್ರೀಟ್ ದ್ವೀಪದ ಪಲ್ಲಿಕಾರಿಸ್ ಎಂಬ ವೈದ್ಯರು ರೂಢಿಗೆ ತಂದರು.

ಸಾಯಂಕಾಲಕ್ಕೆ ಮೂಡುಬಿದಿರೆ. ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದೆವು. ಹೊರಗಣ ಬೆಳಕಿನಿಂದ ಒಳಗಣ ಮಬ್ಬಿಗೆ ಬಂದಾಗ ಕ್ಷಣಕಾಲ ಏನೂ ಕಾಣದೆ, ಮೆಲ್ಲನೆ ಕಂಬಗಳು ಒಂದೊಂದಾಗಿ ತೋರಿದವು. ಅನಂತರ ಬಂಧುಗಳ ಮನೆಯಲ್ಲಿ, ಅವರಿಗೆ ಪರಿಚಿತರಾದ ನೇತ್ರವೈದ್ಯರೊಬ್ಬರು ಸಿಕ್ಕಿದರು. ಬಸದಿಯ ಮಾತು ತೆಗೆದಾಗ ಅವರು ಹೇಳಿದರು: “ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಲೇಸರ್ ಆದವರಲ್ಲಿ ಕೆಲವರಿಗೆ, ಮುಖ್ಯವಾಗಿ ಮೊದಲ ತಿಂಗಳುಗಳಲ್ಲಿ, ರಾತ್ರಿ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುವುದುಂಟು.”

ಹುಡುಗನು ತನ್ನ ಪ್ರಯಾಣದ ದಿನವನ್ನು ಹೇಳಿದನು. ವೈದ್ಯರು ಹೆದರಿಸಲಿಲ್ಲ. “ಒಳ್ಳೆಯ ಚಿಕಿತ್ಸೆಯೇ. ಮೊದಲ ತಪಾಸಣೆಯಾದ ಮೇಲೆ ವಿಮಾನವೂ ಸಾಮಾನ್ಯವಾಗಿ ಅಡ್ಡಿಯಲ್ಲ. ಆದರೆ ನಿನ್ನೆಯವರೆಗೂ ಲೆನ್ಸ್ ಹಾಕಿದ್ದೀರಷ್ಟೆ? ಅದು ಕಾರ್ನಿಯಾವನ್ನು ಒತ್ತಿ ಆಕಾರ ಕೆಡಿಸುತ್ತದೆ. ಮೃದುವಾದುದನ್ನು ಒಂದೆರಡು ವಾರ, ಗಟ್ಟಿಯಾದುದನ್ನು ಇನ್ನೂ ಹೆಚ್ಚು ಕಾಲ ಬಿಟ್ಟ ಮೇಲೆಯೇ ಅಳತೆ ನಂಬತಕ್ಕದ್ದು. ಪಟಲದ ದಪ್ಪ ಅರ್ಧ ಮಿಲ್ಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಸವರಿದ್ದು ಮತ್ತೆ ಬೆಳೆಯುವುದಿಲ್ಲ. ಪಟಲ ತೆಳುವಾಗಿರುವವರಿಗೆ, ಶಂಕುವಿನಂತೆ ಮುಂದೆ ಬಾಗುವ ರೋಗವಿರುವವರಿಗೆ ಈ ಕೆಲಸ ಕೂಡದು. ಅಲ್ಲದೆ ಮರುದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ ತಪಾಸಣೆ ಬೇಕು. ಕಣ್ಣು ಒಣಗುವುದು ಸಾಮಾನ್ಯ. ಧೂಳಿಗೆ ಕಣ್ಣುಜ್ಜಿದರೆ ಹೊದಿಸಿದ ಪದರ ಸರಿದೀತು. ಆಗ ಅಲ್ಲಿ ನೋಡುವವರು ಯಾರೆಂದು ಗೊತ್ತುಮಾಡಿಕೊಂಡಿದ್ದೀರಾ?”

ಹುಡುಗ ಸುಮ್ಮನಾದನು. ವೈದ್ಯರು ಇನ್ನೆರಡು ಮಾತು ಸೇರಿಸಿದರು. ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲ ತುಂಬಿದ್ದರೆ ಮಾತ್ರ ಅದು ಕರಗುವವರೆಗೆ ವಿಮಾನ ಸರ್ವಥಾ ಸಲ್ಲದು. ಚಾರ್ಮಾಡಿಯಂತಹ ಘಟ್ಟ ಹತ್ತುವುದಕ್ಕೂ ವೈದ್ಯರ ಅಪ್ಪಣೆ ಬೇಕು. ಎತ್ತರದಲ್ಲಿ ಅನಿಲ ಹಿಗ್ಗಿ ಕಣ್ಣನ್ನು ಒತ್ತುತ್ತದೆ. ಇನ್ನೊಂದು, ಲೇಸರಿಗೆ ಮೊದಲು ಮಾಡಿದ ಅಳತೆಯ ಕಾಗದಗಳನ್ನು ಆಸ್ತಿಯ ದಸ್ತಾವೇಜಿನಂತೆ ಕಾಪಾಡಬೇಕು. ಮುಂದೆಂದಾದರೂ ಪೊರೆ ಬಂದಾಗ ಒಳಗಿಡುವ ಮಸೂರದ ಲೆಕ್ಕಕ್ಕೆ ಅವು ಬೇಕಾಗುತ್ತವೆ.

ಹಿಂದಿರುಗುವಾಗ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ತಾನಾಗಿಯೇ ಫೋನು ಮಾಡಿ ಗೊತ್ತಾದ ದಿನವನ್ನು ಬಿಡಿಸಿದನು. ಮುಂದಿನ ರಜೆ ಎರಡು ತಿಂಗಳಿನದು. ಬರುವ ಮೊದಲೇ ಲೆನ್ಸ್ ಬಿಟ್ಟು, ಪೂರ್ಣ ಪರೀಕ್ಷೆ ಮಾಡಿಸಿ, ತಕ್ಕುದೆಂದರೆ ಮಾತ್ರ ಮುಂದುವರಿಯುವುದೆಂದು ನಿಶ್ಚಯಿಸಿದನು. ಈಗ ಕಿವಿಯ ಹಿಂದೆ ಪಟ್ಟಿಯಿಂದ ಬಿಗಿಯಾಗಿ ನಿಲ್ಲುವ ಎರಡು ಸುಲೋಚನಗಳನ್ನು ಮಾಡಿಸಿ ಒಯ್ಯುವುದೆಂದಾಯಿತು.

ನಾವು ಬಂಟವಾಳಕ್ಕೆ ಬಂದಾಗ ರಾತ್ರಿಯಾಗಿತ್ತು. ಅಕ್ಕ ಏನೂ ಕೇಳದೆ ನಮ್ಮ ಮುಖ ನೋಡಿದಳು. “ಬರುವ ವರ್ಷ ನೋಡೋಣ, ಅಮ್ಮ,” ಎಂದು ಅವನೇ ಹೇಳಿದನು. ಅಕ್ಕ ಒಳಗೆ ಹೋಗಿ ಎಲೆ ಹಾಕಿದಳು. ದೂರದ ಊರುಗಳಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳುವ ನಮ್ಮ ಗೃಹಸ್ಥರೂ ಶಸ್ತ್ರಚಿಕಿತ್ಸೆಯ ದಿನವೊಂದನ್ನೇ ಅಲ್ಲ, ಅದರ ಹಿಂದಿನ ವಾರಗಳನ್ನೂ ಮುಂದಿನ ತಿಂಗಳುಗಳನ್ನೂ ಪ್ರಯಾಣದ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.