ಎರಡನೇ ಜಾಗಕ್ಕೂ ಇಬ್ಬರು: ಗ್ರೀನ್ ಬೇಯಲ್ಲಿ ಒಂದು ಬೆಳಗ್ಗೆ

ಗ್ರೀನ್ ಬೇ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರು. ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಹೆಚ್ಚುಕಡಿಮೆ ನಮ್ಮ ಚಿಕ್ಕಮಗಳೂರಿನಷ್ಟು. ಆದರೆ ಇಲ್ಲಿನ ಲ್ಯಾಂಬೊ ಫೀಲ್ಡ್ ಸ್ಟೇಡಿಯಂನಲ್ಲಿ 81,441 ಜನ ಕೂರಬಹುದು. ಪಂದ್ಯದ ದಿನ ಊರಿಗೆ ಊರೇ ಒಳಗೆ ಕೂತು ಬಾಗಿಲು ಹಾಕಿಕೊಂಡ ಹಾಗೆ!

ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೆಸರು ಪ್ಯಾಕರ್ಸ್. 1919ರಲ್ಲಿ ಹುಟ್ಟಿದ ಟೀಮು. ಮಾಂಸ ಪ್ಯಾಕ್ ಮಾಡುವ ಕಂಪನಿಯೊಂದು ಆಗ ಜರ್ಸಿಗೆ ದುಡ್ಡು ಕೊಟ್ಟಿತ್ತು, ಅದಕ್ಕೇ ಈ ಹೆಸರು. ಉಳಿದ ಟೀಮುಗಳಿಗೆಲ್ಲ ಒಬ್ಬ ಕೋಟ್ಯಧಿಪತಿಯೋ ಒಂದು ಶ್ರೀಮಂತ ಕುಟುಂಬವೋ ಮಾಲೀಕರಾದರೆ, ಇದಕ್ಕೆ ಐದು ಲಕ್ಷಕ್ಕೂ ಹೆಚ್ಚು ಷೇರುದಾರರು. ಲಾಭಾಂಶ ಅಂತ ಯಾರಿಗೂ ನಯಾಪೈಸೆ ಸಿಗಲ್ಲ. ಷೇರು ಪತ್ರಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿಕೊಳ್ಳುವ ಖುಷಿಯೇ ಲಾಭ.

ಪಂದ್ಯದ ಟಿಕೆಟ್ ನಮ್ಮಂಥವರ ಜೇಬಿಗೆ ಭಾರ. ಸೀಸನ್ ಟಿಕೆಟ್ಟಿನ ವೇಟಿಂಗ್ ಲಿಸ್ಟ್ ಲಕ್ಷ ದಾಟಿದೆ. ಆದರೆ ಬೇಸಿಗೆಯ ಕೊನೆಯಲ್ಲಿ ನಡೆಯುವ ತರಬೇತಿ ಶಿಬಿರ ನೋಡೋಕೆ ದುಡ್ಡು ಕೊಡಬೇಕಿಲ್ಲ. 2024ರ ಆಗಸ್ಟ್ ಮೊದಲ ವಾರ ನಾನು, ನನ್ನ ಆಫೀಸಿನ ಹುಬ್ಬಳ್ಳಿ ಗೆಳೆಯ ಒಂದು ದಿನ ರಜೆ ಹಾಕಿ ಹೊರಟೆವು. ಮಿಲ್ವಾಕಿಯಿಂದ ಐ-43 ಹೆದ್ದಾರಿ ಹಿಡಿದರೆ ಉತ್ತರಕ್ಕೆ ಎರಡು ಗಂಟೆ ದಾರಿ. ಎರಡೂ ಬದಿ ಜೋಳದ ಹೊಲ, ಹಸುವಿನ ಕೊಟ್ಟಿಗೆ, ಅಲ್ಲಲ್ಲಿ ಚೀಸ್ ಮಾರುವ ಅಂಗಡಿ.

ಸ್ಟೇಡಿಯಂನಿಂದ ರಸ್ತೆ ದಾಟಿದರೆ ರೇ ನಿಚ್ಕೆ ಫೀಲ್ಡ್ ಅನ್ನುವ ಅಭ್ಯಾಸದ ಮೈದಾನ. ಅಷ್ಟು ದೂರ ಹೋಗಲು ಆಟಗಾರರಿಗೆ ಬಸ್ಸು, ಕಾರು ಏನೂ ಇಲ್ಲ. ಊರಿನ ಮಕ್ಕಳು ತಂತಮ್ಮ ಸೈಕಲ್ ತಂದು ಸಾಲಾಗಿ ನಿಂತಿರುತ್ತಾರೆ. ನೂರಿಪ್ಪತ್ತು ಕಿಲೋ ತೂಕದ ಆಟಗಾರ ಗುಲಾಬಿ ಬಣ್ಣದ ಪುಟ್ಟ ಸೈಕಲ್ ಹತ್ತಿ, ಮೊಣಕಾಲು ಎದೆಗೆ ತಾಗಿಸಿಕೊಂಡು ಪೆಡಲ್ ತುಳೀತಾನೆ. ಸೈಕಲ್ಲಿನ ಒಡತಿ ಅವನ ಹೆಲ್ಮೆಟ್ ಹೊತ್ತು ಪಕ್ಕದಲ್ಲಿ ಓಡ್ತಾಳೆ. ದಶಕಗಳಿಂದ ಹೀಗೇ ನಡೆದುಬಂದಿದೆಯಂತೆ.

ನಾವು ಬೆಂಚಿನ ಮೇಲೆ ಜಾಗ ಹಿಡಿದು ಕೂತೆವು. ಎಲ್ಲರ ಕಣ್ಣು ಒಬ್ಬನ ಮೇಲೆ: ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್. ಈ ಆಟದಲ್ಲಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅಂತ ಎರಡು-ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನ ಮಾಡಬೇಕು. ಲವ್ ಅದಕ್ಕೆ ಕೆಲವೇ ದಿನ ಮೊದಲು ನಾಲ್ಕು ವರ್ಷಕ್ಕೆ 22 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದ. ಅವನ ಜಾಗದ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ.

ಪೈಪೋಟಿ ಇದ್ದದ್ದು ಅವನ ಹಿಂದಿನ ಜಾಗಕ್ಕೆ. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಕೆಂಪು ಜರ್ಸಿ. ಅವರನ್ನು ಯಾರೂ ಕೆಡವುವಂತಿಲ್ಲ. ಲವ್ ಬಿಟ್ಟರೆ ಆ ಬಣ್ಣ ತೊಟ್ಟ ಇನ್ನಿಬ್ಬರು ಅಲ್ಲಿದ್ದರು. ಶಾನ್ ಕ್ಲಿಫರ್ಡ್, ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಬಂದವನು, 2023ರ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಆಯ್ಕೆಯಾಗಿ ಹಿಂದಿನ ಸೀಸನ್ ಪೂರ್ತಿ ಲವ್‌ಗೆ ಬದಲಿಯಾಗಿದ್ದವನು. ಇನ್ನೊಬ್ಬ ಮೈಕಲ್ ಪ್ರ್ಯಾಟ್, ಟ್ಯುಲೇನ್ ವಿಶ್ವವಿದ್ಯಾಲಯದ ಹುಡುಗ, ಆ ವರ್ಷವಷ್ಟೇ ಏಳನೇ ಸುತ್ತಿನಲ್ಲಿ, ಅಂದರೆ ಕೊನೆಯ ಸುತ್ತಿನಲ್ಲಿ, ಆಯ್ಕೆಯಾಗಿದ್ದ.

ಕ್ರಿಕೆಟ್ ಲೆಕ್ಕದಲ್ಲಿ ಹೇಳುವುದಾದರೆ ಇದು ವಿಕೆಟ್‌ಕೀಪರ್ ಜಾಗ. ಆರನೇ ಬೌಲರ್‌ಗೂ ಒಂದೆರಡು ಓವರ್ ಸಿಗಬಹುದು, ಎರಡನೇ ಕೀಪರ್‌ಗೆ ಮಾತ್ರ ಗ್ಲೌಸ್ ಹಾಕಿಕೊಂಡು ಕಾಯೋದೇ ಕೆಲಸ. ನಮ್ಮ ಸಯ್ಯದ್ ಕಿರ್ಮಾನಿ 1971ರಲ್ಲೇ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿದ್ದರು, ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ. ಆಮೇಲೆ 88 ಟೆಸ್ಟ್ ಆಡಿದರು ಅನ್ನೋದು ನಮಗೆ ನೆನಪಿರುತ್ತದೆ. ಆ ಐದು ವರ್ಷ ಹೇಗೆ ಕಳೆದಿರಬಹುದು ಅಂತ ಯಾರೂ ಕೇಳಲ್ಲ.

ಶಿಬಿರಕ್ಕೆ ಬರುವವರು 90 ಜನ. ಆಗಸ್ಟ್ ಕೊನೆಗೆ ಪಟ್ಟಿ 53ಕ್ಕೆ ಇಳಿಯಬೇಕು. ಅದರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಎರಡು, ಹೆಚ್ಚೆಂದರೆ ಮೂರು ಜಾಗ. ಪಟ್ಟಿಯಲ್ಲಿ ಉಳಿದರೆ ಹೊಸಬನಿಗೂ ಆ ವರ್ಷ ಕನಿಷ್ಠ 7,95,000 ಡಾಲರ್ ಸಂಬಳ. ಪಟ್ಟಿಯಿಂದ ಬಿದ್ದು ಅಭ್ಯಾಸ ತಂಡಕ್ಕೆ ಸೇರಿದರೆ ವಾರದ ಲೆಕ್ಕದ ಸಂಬಳ, ಯಾವ ವಾರ ಬೇಕಾದರೂ ಮನೆಗೆ ಕಳಿಸಬಹುದು.

ಅವರಿಬ್ಬರ ಅಭ್ಯಾಸ ಬಿಡಿಸಿ ನೋಡಿದರೆ ಕರುಣೆ ಬರುತ್ತದೆ. ಹೆಚ್ಚಿನ ಸರದಿಗಳು ಲವ್‌ಗೆ. ಉಳಿದ ಚೂರುಪಾರನ್ನು ಇಬ್ಬರೂ ಹಂಚಿಕೊಳ್ಳಬೇಕು. ಒಬ್ಬ ಆಡುವಾಗ ಇನ್ನೊಬ್ಬ ಹಿಂದೆ ನಿಂತು, ಚೆಂಡಿಲ್ಲದ ಕೈಯಲ್ಲೇ ಅದೇ ಹೆಜ್ಜೆ ಹಾಕುತ್ತಿದ್ದ. ಸರದಿ ಮುಗಿಸಿ ಬಂದವನ ಹತ್ತಿರ ಏನೋ ಕೇಳುತ್ತಿದ್ದ, ಅವನು ಕೈ ತೋರಿಸಿ ವಿವರಿಸುತ್ತಿದ್ದ. ನಾಳೆ ತನ್ನ ಅನ್ನ ಕಿತ್ತುಕೊಳ್ಳಬಹುದಾದವನಿಗೆ ಇವತ್ತು ಪಾಠ ಹೇಳಿಕೊಡೋದು!

"ಏನಲೇ, ಇಲ್ಲೂ ಇಬ್ಬರು ಒಂದ ಸೀಟಿಗೆ ಬಡಿದಾಡಾಕತ್ತಾರಲ್ಲೋ" ಅಂದ ಗೆಳೆಯ.

ಅವನು ಯಾಕೆ ಹಾಗಂದ ಅಂತ ನನಗೆ ಗೊತ್ತಿತ್ತು. ನಮ್ಮ ಪ್ರಾಜೆಕ್ಟಿನಲ್ಲಿ ಒಂದೇ ಥರದ ಎರಡು ಸೀಟು ಇದ್ದವು, ಅಕ್ಟೋಬರ್‌ನಿಂದ ಒಂದೇ ಸಾಕು ಅಂತ ಜುಲೈನಲ್ಲೇ ಹೇಳಿದ್ದರು. ಆ ಎರಡು ಸೀಟಿನಲ್ಲಿ ಕೂತಿದ್ದವರು ನಾವಿಬ್ಬರೇ. ಐಟಿಯವರಿಗೆ 'ಬೆಂಚ್' ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎಚ್-1ಬಿ ವೀಸಾದ ಮೇಲಿದ್ದರೆ ಇನ್ನೊಂದು ಸಂಕಟ: ಕೆಲಸವೇ ಹೋದರೆ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಹಾಗಿದ್ದರೂ ನಾವು ಒಂದೇ ಕಾರಿನಲ್ಲಿ ಆಫೀಸಿಗೆ ಹೋಗ್ತಿದ್ದೆವು. ರಾತ್ರಿ ಸರ್ವರ್ ಕೈಕೊಟ್ಟರೆ ಅವನು ನನಗೇ ಫೋನ್ ಮಾಡ್ತಿದ್ದ, ನಾನು ಅವನಿಗೇ. ಆ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

"ಹೂಂ ಮಗಾ" ಅಂದೆ. ಮುಂದೆ ಏನು ಹೇಳೋದು ಅಂತ ಹೊಳೆಯಲಿಲ್ಲ.

ನಮ್ಮ ಪಕ್ಕ ಹಸಿರು ಟೋಪಿಯ ಹಿರಿಯರೊಬ್ಬರು ಕೂತಿದ್ದರು. ಮಾತಿಗೆ ಸಿಕ್ಕರು. ಹಿಂದೊಂದು ವರ್ಷ ಅವರ ಮೊಮ್ಮಗನ ಸೈಕಲ್ಲನ್ನು ಹೊಸ ಆಟಗಾರನೊಬ್ಬ ದಿನಾ ತಗೊಂಡು ಹೋಗ್ತಿದ್ದನಂತೆ. ಒಂದು ಬೆಳಗ್ಗೆ ಹುಡುಗ ಸೈಕಲ್ ಹಿಡಿದು ನಿಂತೇ ಇದ್ದ, ಆಟಗಾರ ಬರಲಿಲ್ಲ. ಹಿಂದಿನ ಸಂಜೆಯೇ ಅವನನ್ನು ಮನೆಗೆ ಕಳಿಸಿದ್ದರು. "ನಾಳೆ ಬೇರೆಯವನು ಬರ್ತಾನೆ ಅಂತ ಹೇಳಿದೆ. ಅವನು ಒಪ್ಪಲಿಲ್ಲ. ಆ ವರ್ಷ ಮತ್ತೆ ಸೈಕಲ್ ತರಲೇ ಇಲ್ಲ" ಅಂದರು.

ಈ ಊರಿಗೆ ಇಂಥ ಕಥೆ ಹೊಸದಲ್ಲ. 1992ರ ಸೆಪ್ಟೆಂಬರ್‌ನಲ್ಲಿ ಡಾನ್ ಮಜ್ಕೌಸ್ಕಿ ಗಾಯಗೊಂಡಾಗ ಬದಲಿಯಾಗಿ ಮೈದಾನಕ್ಕಿಳಿದ ಹುಡುಗ ಬ್ರೆಟ್ ಫಾರ್ವ್. ಮುಂದಿನ ವಾರದಿಂದ ಶುರುವಾದ ಅವನ ಸರಣಿ ನಿಂತದ್ದು ಸತತ 297 ಪಂದ್ಯಗಳಾದ ಮೇಲೆ. ಅವನ ಬೆನ್ನ ಹಿಂದೆ ಕಾದವರ ಪಾಡು ಏನಾಗಿರಬೇಡ! 1994ರ ಶಿಬಿರದಲ್ಲಿ ಫಾರ್ವ್ ಜೊತೆ ಮಾರ್ಕ್ ಬ್ರುನೆಲ್, ಟೈ ಡೆಟ್ಮರ್ ಇದ್ದರು. ನಾಲ್ಕನೆಯವನಾಗಿ ಬಂದ ಕರ್ಟ್ ವಾರ್ನರ್‌ನನ್ನು ಶಿಬಿರ ಮುಗಿಯುವ ಮೊದಲೇ ಕೈಬಿಟ್ಟರು. ಅವನು ಅಯೋವಾಗೆ ವಾಪಸ್ ಹೋಗಿ, ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಗಂಟೆಗೆ ಐದೂವರೆ ಡಾಲರ್‌ಗೆ ಸಾಮಾನು ಜೋಡಿಸುತ್ತಿದ್ದ. 1999ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿಗೆ ಏಟಾದಾಗ ಬದಲಿಯಾಗಿದ್ದವನು ಇದೇ ವಾರ್ನರ್. ಆ ಸೀಸನ್ನಿನ ಅತ್ಯುತ್ತಮ ಆಟಗಾರ ಪ್ರಶಸ್ತಿ, ಸೂಪರ್ ಬೌಲ್ ಎರಡೂ ಅವನದ್ದೇ ಆದವು.

ಅಷ್ಟು ಯಾಕೆ, ಲವ್ ಕೂಡ 2020ರಲ್ಲಿ ಇಲ್ಲಿಗೆ ಬಂದಾಗ ಆರನ್ ರಾಜರ್ಸ್, ಟಿಮ್ ಬಾಯ್ಲ್ ಇಬ್ಬರ ಹಿಂದೆ ಮೂರನೆಯವನಾಗಿ ಕೂತಿದ್ದ.

ಆದರೆ ಗೆದ್ದವರ ಕಥೆ ಹೇಳಿ ಸಮಾಧಾನ ಮಾಡೋದು ಸುಲಭ. ಆ ವರ್ಷ ಕ್ಲಿಫರ್ಡ್, ಪ್ರ್ಯಾಟ್‌ಗೆ ಏನಾಯ್ತು ಕೇಳಿ. ಇಡೀ ಶಿಬಿರ ಅವರಿಬ್ಬರೂ ಪೈಪೋಟಿ ನಡೆಸಿದರು. ಆಗಸ್ಟ್ 26ರಂದು, ಪಟ್ಟಿ ಅಂತಿಮವಾಗುವ ಹಿಂದಿನ ದಿನ, ಪ್ಯಾಕರ್ಸ್ ಟೆನೆಸಿ ಟೈಟನ್ಸ್‌ನಿಂದ ಮಲಿಕ್ ವಿಲ್ಲಿಸ್ ಅನ್ನುವ ಮೂರನೆಯವನನ್ನು ಕರೆತಂದಿತು. ಇಬ್ಬರ ಹೆಸರೂ ಪಟ್ಟಿಯಿಂದ ಹೋಯಿತು. ಪ್ರ್ಯಾಟ್‌ನನ್ನು ಟ್ಯಾಂಪಾ ಬೇ ತಂಡ ಎತ್ತಿಕೊಂಡಿತು. ಕ್ಲಿಫರ್ಡ್ ಇಲ್ಲೇ ಅಭ್ಯಾಸ ತಂಡಕ್ಕೆ ಸೇರಿಕೊಂಡ. ಒಬ್ಬರಿಗೊಬ್ಬರು ಸೋಲಲಿಲ್ಲ, ಆದರೂ ಇಬ್ಬರೂ ಸೋತರು.

ವಿಲ್ಲಿಸ್ ಮೇಲೆ ಸಿಟ್ಟು ಮಾಡಿಕೊಳ್ಳೋಣ ಅಂದರೆ ಅದೂ ಆಗಲ್ಲ. ಅವನೂ ಟೆನೆಸಿಯಲ್ಲಿ ಇಂಥದ್ದೇ ಸಾಲಿನಲ್ಲಿ ಮೂರನೆಯವನಾಗಿ ಹಿಂದೆ ಬಿದ್ದವನು. ಸೆಪ್ಟೆಂಬರ್ 6ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ಮೊದಲ ಪಂದ್ಯದ ಕೊನೆ ಗಳಿಗೆಯಲ್ಲಿ ಲವ್ ಮೊಣಕಾಲಿಗೆ ಏಟಾಯ್ತು. ಬಂದು ಮೂರು ವಾರ ತುಂಬುವ ಮೊದಲೇ ವಿಲ್ಲಿಸ್ ಲ್ಯಾಂಬೊದಲ್ಲಿ ಆಡಬೇಕಾಯ್ತು. ಕೋಚ್ ಅವನಿಗೆ ಒಗ್ಗುವಂತೆ ಆಟವನ್ನೇ ಚಿಕ್ಕದು ಮಾಡಿದರು: ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧ ತಂಡ 53 ಸಲ ಚೆಂಡು ಹಿಡಿದು ಓಡಿತು, ವಿಲ್ಲಿಸ್ ಎಸೆದದ್ದು 14 ಸಲ ಮಾತ್ರ. 16-10ರಿಂದ ಗೆದ್ದರು. ಮುಂದಿನ ವಾರ ಅವನನ್ನು ಬಿಟ್ಟುಕೊಟ್ಟಿದ್ದ ಟೈಟನ್ಸ್ ಮೇಲೇ, ಅವರ ಊರಲ್ಲೇ, 30-14ರ ಗೆಲುವು.

ಆ ಪಂದ್ಯವನ್ನು ನಾನು, ಗೆಳೆಯ ನನ್ನ ಮನೆಯಲ್ಲೇ ಕೂತು ನೋಡಿದೆವು. ಅಷ್ಟರಲ್ಲಿ ನಮ್ಮ ಸೀಟಿನ ತೀರ್ಮಾನವೂ ಆಗಿತ್ತು. ಅದು ಅವನಿಗೆ ಸಿಕ್ಕಿತು. ನನಗೆ ಬೇರೆ ಊರಿನ ಪ್ರಾಜೆಕ್ಟ್. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊರಡುವ ಮೊದಲು ಎರಡು ದಿನ ಕೂತು ನನ್ನ ಕೆಲಸವನ್ನೆಲ್ಲ ಅವನಿಗೆ ಒಪ್ಪಿಸಿದೆ, ಎಲ್ಲಿ ಏನು ಕೈಕೊಡುತ್ತದೆ ಅನ್ನೋದೂ ಸೇರಿ. ಮೈದಾನದ ಆ ಇಬ್ಬರನ್ನು ನೋಡಿದ್ದು ಆಗ ಉಪಯೋಗಕ್ಕೆ ಬಂತು. ಪೈಪೋಟಿ ಇಟ್ಟವರು ಬೇರೆ, ತೀರ್ಪು ಕೊಡುವವರು ಬೇರೆ. ನಡುವೆ ಪಕ್ಕದವನಿಗೆ ಏನು ಹೇಳಿಕೊಡ್ತೀವಿ ಅನ್ನೋದಷ್ಟೇ ನಮ್ಮ ಕೈಯಲ್ಲಿರೋದು.

ನೀವೂ ಆಗಸ್ಟ್‌ನಲ್ಲಿ ಶಿಕಾಗೋ, ಮಿಲ್ವಾಕಿ ಕಡೆ ಇದ್ದರೆ ಒಂದು ದಿನ ಬಿಡುವು ಮಾಡಿಕೊಂಡು ಹೋಗಿಬನ್ನಿ. ಯಾವ ದಿನ ಅಭ್ಯಾಸ ಅಂತ ಮೊದಲೇ ನೋಡಿಕೊಳ್ಳಿ. ಸಸ್ಯಾಹಾರಿಗಳಿಗೆ ಚೀಸ್ ಕರ್ಡ್ಸ್ ಇದ್ದೇ ಇದೆ: ತಾಜಾ ಇದ್ದರೆ ಹಲ್ಲಿನ ಕೆಳಗೆ ಕೀಚ್ ಕೀಚ್ ಅನ್ನುತ್ತದೆ, ಹಿಟ್ಟಿನಲ್ಲಿ ಅದ್ದಿ ಕರಿದದ್ದು ನಮ್ಮ ಬಜ್ಜಿಯ ತಮ್ಮ. ಅಭ್ಯಾಸ ಮುಗಿದ ಕೂಡಲೇ ಎದ್ದು ಹೋಗಬೇಡಿ. ದೊಡ್ಡ ಹೆಸರಿನವರು ಸೈಕಲ್ ಹತ್ತಿ ಹೋದಮೇಲೂ ಮೈದಾನದ ತುದಿಯಲ್ಲಿ ಕೆಂಪು ಜರ್ಸಿಯ ಯಾರಾದರೊಬ್ಬರು ಚೆಂಡು ಎಸೆಯುತ್ತಿರಬಹುದು. ಐದು ನಿಮಿಷ ನಿಂತು ನೋಡಿ.