ಇರುವ ಮನೆಗೆ ಸಾಕ್ಷಿ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಸಮೀಪವಾದ ಹೋಬಳಿ. ಅಲ್ಲಿ ಮನೆಯನ್ನು ಹುಡುಕಿಕೊಂಡು ಬಂದವನು ಬಾಗಿಲ ನಂಬರನ್ನು ಕೇಳುವುದಿಲ್ಲ. ಇಂಥವರ ಮಗನ ಮನೆ ಯಾವುದೆಂದು ಕೇಳುತ್ತಾನೆ. ಕನ್ನಡದಲ್ಲಿ ಕೇಳಲಿ, ತೆಲುಗಿನಲ್ಲಿ ಕೇಳಲಿ, ದಾರಿ ತೋರಿಸುವವರಿಗೆ ಕೊರತೆಯಿಲ್ಲ. ಸರಕಾರದ ಪಹಣಿಯೂ ಇದೇ ಪದ್ಧತಿಯನ್ನು ಹಿಡಿದು, ಹೆಸರಿನ ಮುಂದೆ ಅರಬ್ಬಿಯಿಂದ ಬಂದ ‘ಬಿನ್’ ಎಂಬ ಮಾತನ್ನಿಟ್ಟು ತಂದೆಯ ಹೆಸರನ್ನು ಬರೆಯುತ್ತದೆ.

ಇಂತಹ ಊರಿನ ತರುಣನೊಬ್ಬನು ಉದ್ಯೋಗಾರ್ಥವಾಗಿ ಬೆಂಗಳೂರಿಗೆ ಹೋಗಿ, ಯಾರದೋ ಮಹಡಿಯ ಕೋಣೆಯಲ್ಲಿ ಎರಡು ಮೂರು ವರ್ಷ ಕಳೆದು, ಮದುವೆ ನಿಶ್ಚಯವಾದ ಮೇಲೆ ಬೇರೆ ಮನೆಯನ್ನು ಅರಸತೊಡಗಿದನೆಂದು ಭಾವಿಸೋಣ. ಮುಂಗಡದ ಹಣವನ್ನು ಹೇಗೋ ಹೊಂದಿಸಿಕೊಂಡಿದ್ದಾನೆ. ಮನೆಯೊಡೆಯನ ಪ್ರಶ್ನೆ ಬೇರೆ: “ಈಗ ಎಲ್ಲಿದ್ದೀರಿ? ಅದಕ್ಕೆ ದಾಖಲೆ ಏನು?” ಆಧಾರ್ ಚೀಟಿಯಲ್ಲಿರುವುದು ರಾಯಲ್ಪಾಡು. ಪ್ಯಾನ್ ಚೀಟಿಯಲ್ಲಿ ವಿಳಾಸವೇ ಇಲ್ಲ. ವಿದ್ಯುತ್ತಿನ ಬಿಲ್ಲು ಹಳೆಯ ಮನೆಯೊಡೆಯನ ಹೆಸರಿನಲ್ಲಿ ಬರುತ್ತದೆ. ಕರಾರುಪತ್ರವೋ, ಆ ಪುಣ್ಯಾತ್ಮನು ಎಲ್ಲವನ್ನೂ ಬಾಯಿಮಾತಿನಲ್ಲೇ ಮುಗಿಸಿದ್ದನು. ಬರೆದುಕೊಟ್ಟಿದ್ದರೂ ಅದು 11 ತಿಂಗಳಿನದಾಗಿರುತ್ತಿತ್ತು. ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದ, ಆ ಖರ್ಚನ್ನು ತಪ್ಪಿಸಲು ಊರಿಗೆ ಊರೇ ಹಿಡಿದಿರುವ ಉಪಾಯವದು. ಹೀಗೆ ತಪ್ಪದೆ ಬಾಡಿಗೆ ತೆತ್ತವನು, ತಾನು ಮಲಗಿ ಎದ್ದ ಕೋಣೆಗೇ ಸಾಕ್ಷಿಯಿಲ್ಲದವನಾಗಿ ನಿಲ್ಲುತ್ತಾನೆ.

ಆಧಾರಿನಲ್ಲಿ ವಿಳಾಸವನ್ನು ತಿದ್ದಿಸಬಾರದೇಕೆ ಎಂದು ವಾಚಕರು ಕೇಳಬಹುದು. ತಿದ್ದಿಸುವುದಕ್ಕೂ ಒಂದು ಪತ್ರ ಬೇಕು. ಮನೆ ಸಿಕ್ಕಿದ ಮೇಲಲ್ಲವೆ ಪತ್ರ? ಅದಂತಿರಲಿ, ಮನೆಯವರ ಮನಸ್ಸಿನಲ್ಲಿಯೂ ಒಂದು ಅಳುಕುಂಟು. ಒಬ್ಬನ ಹೆಸರು ಎರಡು ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿರಲು 1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಬಿಡದು. ಮಗನು ನಗರದವನೆಂದು ಬರೆಸಿಕೊಂಡರೆ ಊರಿನ ಪಟ್ಟಿಯಿಂದ ಅವನ ಹೆಸರು ಕಳಚುವ ದಿನ ದೂರವಿಲ್ಲವೆಂದು ತಾಯಿಯ ಭಯ. ಆದರೆ ಅದೇ ಕಾಯಿದೆಯು, ಮನೆಯಿದ್ದ ಮಾತ್ರಕ್ಕೆ ಒಬ್ಬನು ಆ ಊರಿನ ವಾಸಿಯಾಗನು, ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ವಾಸಿಯಲ್ಲದವನೂ ಆಗನು ಎನ್ನುತ್ತದೆ. ಮನುಷ್ಯನು ಎಲ್ಲಿಯವನೆಂಬ ಪ್ರಶ್ನೆಯ ಕಾಠಿಣ್ಯವನ್ನು ಶಾಸನ ಮಾಡಿದವರು ಬಲ್ಲರು. ಮನೆಯೊಡೆಯನಿಗೆ ಅಷ್ಟು ಪುರುಸೊತ್ತಿಲ್ಲ. ಅವನನ್ನು ಪೂರ್ತಿ ದೂರಲೂ ಆಗದು. ಗುರುತಿಲ್ಲದವನ ಕೈಗೆ ಬೀಗದ ಕೈಯನ್ನು ಕೊಡಬೇಕಾದವನು ಅವನೇ ತಾನೆ.

ಕಡೆಗೆ ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬನು, ಮನೆಯೊಡೆಯನಿಗೆ ಪರಿಚಿತನಾದವನು, ದೂರವಾಣಿಯಲ್ಲಿ “ಹುಡುಗ ನಮ್ಮ ಕಡೆಯವನು, ಅವನ ತಂದೆಯನ್ನು ಬಲ್ಲೆ” ಎನ್ನುತ್ತಾನೆ. ದಾಖಲೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಛಾಪಾ ಕಾಗದವನ್ನು ತರಿಸಿ, ಕರಾರು ಬರೆಯುವವನು ಎಷ್ಟು ತಿಂಗಳಿಗೆಂದು ವಿಚಾರಿಸುತ್ತಾನೆ. ಇಬ್ಬರೂ ಒಂದೇ ಉಸಿರಿಗೆ 11 ಎನ್ನುತ್ತಾರೆ.